ಹ್ಯಾಂಡ್‌ಓವರ್‌ನಲ್ಲಿ ಇಲ್ಲದ ಸಾಲು

ಕೇಳುಗರಿಗೆ ನಮಸ್ಕಾರ.

ನೈಟ್ ಡ್ಯೂಟಿ ಮುಗಿಯುವ ಹೊತ್ತಿಗೆ ನರ್ಸ್‌ಗಳು ಒಂದು ಕೆಲಸ ಮಾಡುತ್ತಾರೆ. ಚಾರ್ಟ್ ಹಿಡಿದು ಬೆಡ್ಡಿಂದ ಬೆಡ್ಡಿಗೆ ಹೋಗುತ್ತಾ, ಹೊಸ ಶಿಫ್ಟಿನವರಿಗೆ ರಾತ್ರಿಯ ವರದಿ ಒಪ್ಪಿಸುತ್ತಾರೆ. ಮೂರನೇ ಬೆಡ್ಡಿನವರಿಗೆ ಎರಡು ಸಲ ಜ್ವರ ಬಂತು. ಐದನೆಯವರ ಡ್ರಿಪ್ ಬದಲಾಯಿಸಬೇಕು. ಏಳನೆಯದು ಖಾಲಿ. ಇದಕ್ಕೆ ಹ್ಯಾಂಡ್‌ಓವರ್ ಅಂತೀವಿ.

‘ಏಳನೆಯದು ಖಾಲಿ’ ಅಂತ ಒಂದು ಬೆಳಿಗ್ಗೆ ಹೇಳಿದವಳು ನಾನು. ಆ ಬೆಡ್ಡಿನಲ್ಲಿ ಹತ್ತೊಂಬತ್ತು ದಿನ ಒಬ್ಬ ಅಜ್ಜಿ ಇದ್ದರು. ರಾತ್ರಿ ಮೂರರ ಸುಮಾರಿಗೆ ಹೋಗಿಬಿಟ್ಟರು. ಮೈ ಒರೆಸಿದೆ, ಕೂದಲು ಬಾಚಿದೆ. ಪಕ್ಕದ ಡ್ರಾಯರ್‌ನಲ್ಲಿ ಅವರ ಕನ್ನಡಕ ಇತ್ತು. ಒಂದು ಕಡ್ಡಿ ಮುರಿದಿತ್ತು, ಅದಕ್ಕೆ ನೀಲಿ ದಾರ ಸುತ್ತಿದ್ದರು. ಗಾಜಿನ ಮೇಲೆ ಅವರ ಬೆರಳಿನ ಗುರುತು ಇನ್ನೂ ಹಾಗೇ ಇತ್ತು. ಒರೆಸಬೇಕೋ ಬೇಡವೋ ಗೊತ್ತಾಗಲಿಲ್ಲ. ಅಷ್ಟರಲ್ಲಿ ಎರಡನೇ ಬೆಡ್ಡಿನ ಬೆಲ್ ಆಯ್ತು. ಕನ್ನಡಕವನ್ನು ಅವರ ಚೀಲದಲ್ಲಿಟ್ಟು ಓಡಿದೆ. ಅಲ್ಲಿ ನಗುನಗುತ್ತಲೇ ಮಾತಾಡಿಸಿದೆ. ಆ ರೋಗಿಯ ತಪ್ಪೇನಿದೆ ಹೇಳಿ?

ಮನೆಗೆ ಬಂದರೆ, ‘ಡ್ಯೂಟಿ ಹೇಗಿತ್ತು?’ ಅಂತ ಕೇಳಿದರು. ‘ಮಾಮೂಲಿ’ ಅಂದೆ.

ನರ್ಸ್‌ಗಳಿಗೆ ಒಂಟಿತನ ಅಂದರೆ ಎಷ್ಟೋ ಜನ ನಂಬುವುದಿಲ್ಲ. ದಿನವಿಡೀ ಜನರ ಮಧ್ಯೆಯೇ ಇರುತ್ತೀರಲ್ಲ ಅಂತಾರೆ. ಹೌದು, ಇರುತ್ತೇವೆ. ಆದರೆ ಅಲ್ಲಿ ನಾವು ಕೇಳಿಸಿಕೊಳ್ಳುವವರು. ರೋಗಿಯ ಗುಟ್ಟನ್ನು ಹೊರಗೆ ಹೇಳುವ ಹಾಗಿಲ್ಲ, ಅದು ವೃತ್ತಿಯ ನಿಯಮ. ಮನೆಯವರೆಲ್ಲ ಎದ್ದಿರುವಾಗ ನಾವು ಪರದೆ ಎಳೆದು ಮಲಗಿರುತ್ತೇವೆ. ಗೆಳತಿಯ ಮದುವೆ, ಮಗುವಿನ ಶಾಲೆಯ ಕಾರ್ಯಕ್ರಮ, ಎಲ್ಲ ಫೋಟೋದಲ್ಲೇ ನೋಡಬೇಕು. ನಾಲ್ಕು ಸಲ ‘ಡ್ಯೂಟಿ ಇದೆ’ ಅಂದರೆ ಐದನೇ ಸಲ ಯಾರೂ ಕರೆಯುವುದಿಲ್ಲ. ಇನ್ನು ಬೇರೆ ದೇಶಕ್ಕೆ ಹೋದವರ ಪಾಡು ಕೇಳಲೇಬೇಡಿ. 2025ರ ವಿಶ್ವ ಆರೋಗ್ಯ ಸಂಸ್ಥೆಯ ವರದಿ ಪ್ರಕಾರ ಜಗತ್ತಿನ ನರ್ಸ್‌ಗಳಲ್ಲಿ ಏಳರಲ್ಲಿ ಒಬ್ಬರು ಹುಟ್ಟಿದ ದೇಶ ಬಿಟ್ಟು ಕೆಲಸ ಮಾಡುತ್ತಿದ್ದಾರೆ. ಅಳು ಬಂದಾಗ ಯಾವ ಭಾಷೆಯಲ್ಲಿ, ಯಾರ ಹತ್ತಿರ ಅಳಬೇಕು ಅನ್ನುವುದೇ ಅವರಿಗೆ ಒಂದು ಪ್ರಶ್ನೆ.

ಈ ಮೌನ ಇವತ್ತಿನದಲ್ಲ. 1960ರಲ್ಲಿ ಇಸಾಬೆಲ್ ಮೆಂಜೀಸ್ ಅನ್ನುವ ಮನೋವಿಶ್ಲೇಷಕಿ ಲಂಡನ್ನಿನ ಒಂದು ಆಸ್ಪತ್ರೆಯ ನರ್ಸ್‌ಗಳ ಬಗ್ಗೆ ಬರೆದರು. ಅಲ್ಲಿ ಒಬ್ಬ ನರ್ಸ್ ಒಬ್ಬ ರೋಗಿಯ ಹತ್ತಿರ ಜಾಸ್ತಿ ಹೊತ್ತು ಇರದ ಹಾಗೆ ಕೆಲಸವನ್ನು ತುಂಡು ತುಂಡು ಮಾಡಿ ಹಂಚುತ್ತಿದ್ದರು. ರೋಗಿಗೆ ಹೆಸರೂ ಇರುತ್ತಿರಲಿಲ್ಲ, ‘ಹತ್ತನೇ ಬೆಡ್ಡಿನ ಲಿವರ್’ ಅನ್ನುತ್ತಿದ್ದರು. ಮನಸ್ಸು ಅಂಟಿಕೊಳ್ಳದಿದ್ದರೆ ನೋವೂ ಆಗುವುದಿಲ್ಲ ಅನ್ನುವುದು ಇದರ ಹಿಂದಿನ ಲೆಕ್ಕ. ಆದರೆ ಮೆಂಜೀಸ್ ಕಂಡದ್ದು ಬೇರೆ. ಕಳವಳ ಕಮ್ಮಿ ಆಗಿರಲಿಲ್ಲ. ಕೆಲಸದ ತೃಪ್ತಿ ಮಾತ್ರ ಹೋಗಿತ್ತು. ತರಬೇತಿಗೆ ಬಂದವರಲ್ಲಿ ಎಷ್ಟೋ ಜನ ಅರ್ಧಕ್ಕೇ ಬಿಟ್ಟು ಹೋಗುತ್ತಿದ್ದರು.

ನಾನು ಕೆಲಸಕ್ಕೆ ಸೇರಿದ ದಿನ ಹಿರಿಯರೊಬ್ಬರು ‘ಮನಸ್ಸು ಗಟ್ಟಿ ಮಾಡ್ಕೋ’ ಅಂದಿದ್ದರು. ಪ್ರೀತಿಯಿಂದಲೇ ಅಂದರು. ಆದರೂ ಆ ಮಾತು ನನಗೆ ಈಗ ಒಪ್ಪಿಗೆ ಇಲ್ಲ. ಗಟ್ಟಿ ಮಾಡಿಕೊಂಡ ಮನಸ್ಸು ಮನೆಗೆ ಬಂದ ಮೇಲೂ ಹಾಗೇ ಇರುತ್ತದೆ, ಮಕ್ಕಳ ಮುಂದೂ ಸಡಿಲವಾಗುವುದಿಲ್ಲ. ಧ್ಯಾನ ಮಾಡಿ, ಉಸಿರಾಟದ ಮೇಲೆ ಗಮನ ಇಡಿ ಅಂತ ಈಗ ಹೇಳಿಕೊಡುತ್ತಾರೆ. ಮಾಡಲಿ, ಒಳ್ಳೆಯದೇ. ಆದರೆ ಮೂವರು ಮಾಡುವ ಕೆಲಸವನ್ನು ಒಬ್ಬರ ತಲೆ ಮೇಲೆ ಹಾಕಿ, ನೆಮ್ಮದಿಯನ್ನು ನೀನೇ ಹುಡುಕಿಕೋ ಅಂದರೆ ಅದು ನ್ಯಾಯವಲ್ಲ. ಅದೇ 2025ರ ವರದಿಯಲ್ಲಿ, ಮಾಹಿತಿ ಕೊಟ್ಟ ದೇಶಗಳಲ್ಲಿ ನರ್ಸ್‌ಗಳ ಮಾನಸಿಕ ಆರೋಗ್ಯಕ್ಕೆ ವ್ಯವಸ್ಥೆ ಇರುವುದು ಶೇ. 42ರಷ್ಟರಲ್ಲಿ ಮಾತ್ರ ಅಂತಿದೆ. ಕೊರೊನಾ ಕಾಲವನ್ನು ಕಂಡ ಮೇಲೂ ಇಷ್ಟೇ!

ದೊಡ್ಡ ಖರ್ಚೇ ಬೇಕು ಅಂತೇನಿಲ್ಲ. ಅಮೆರಿಕದ ವರ್ಜೀನಿಯಾದಲ್ಲಿ ಜೊನಾಥನ್ ಬಾರ್ಟೆಲ್ಸ್ ಅನ್ನುವ ನರ್ಸ್ ಒಂದು ರೂಢಿ ಶುರು ಮಾಡಿದರು. ರೋಗಿ ತೀರಿಕೊಂಡಾಗ ಅಲ್ಲಿದ್ದವರೆಲ್ಲ ಒಂದು ನಿಮಿಷ ಸುಮ್ನೆ ನಿಲ್ಲುವುದು, ಅಷ್ಟೇ. ಹೋದ ಜೀವಕ್ಕೂ, ಉಳಿಸಲು ಒದ್ದಾಡಿದ ಕೈಗಳಿಗೂ ಆ ಒಂದು ನಿಮಿಷ. ಬೇರೆ ಆಸ್ಪತ್ರೆಗಳೂ ಇದನ್ನು ಕಲಿತವು. ಅಜ್ಜಿಯ ಬೆಡ್ಡಿನ ಪಕ್ಕ ನನಗೆ ಅಂಥದ್ದೊಂದು ನಿಮಿಷ ಸಿಕ್ಕಿದ್ದರೆ ಅಂತ ಈಗಲೂ ಅನ್ನಿಸುತ್ತದೆ.

ಮನೆಯಲ್ಲಿ ನರ್ಸ್ ಇರುವವರಿಗೆ ಒಂದು ಮಾತು. ಡ್ಯೂಟಿ ಮುಗಿಸಿ ಬಂದವರನ್ನು ಬಾಗಿಲಲ್ಲೇ ಪ್ರಶ್ನೆ ಕೇಳಬೇಡಿ. ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂತುಕೊಳ್ಳಿ. ಮಾತು ಬಂದರೆ ಬರಲಿ. ವಾರಗಟ್ಟಲೆ ನಿದ್ದೆ ಇಲ್ಲ, ಯಾವುದರಲ್ಲೂ ಮನಸ್ಸಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ತಡ ಮಾಡದೆ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಆಸ್ಪತ್ರೆಯಲ್ಲೇ ಕೆಲಸ ಮಾಡುವವರು ತಮಗಾಗಿ ಡಾಕ್ಟರ ಬಾಗಿಲು ತಟ್ಟಲು ಬಹಳ ಹಿಂಜರಿಯುತ್ತಾರೆ.

ಆ ಕನ್ನಡಕದ ವಿಷಯ ನಾನು ಎಷ್ಟೋ ವರ್ಷ ಯಾರಿಗೂ ಹೇಳಿರಲಿಲ್ಲ. ಒಂದು ಬೆಳಿಗ್ಗೆ ಹ್ಯಾಂಡ್‌ಓವರ್ ಮುಗಿಸಿದಾಗ ಇನ್‌ಚಾರ್ಜ್ ಸಿಸ್ಟರ್ ಚಾರ್ಟ್ ಮುಚ್ಚಿಟ್ಟು, ‘ಬೆಡ್‌ಗಳದ್ದೆಲ್ಲ ಆಯ್ತು. ಈಗ ನಿಂದು ಹೇಳು’ ಅಂದರು.

‘ಏನಿಲ್ಲ ಸಿಸ್ಟರ್’ ಅಂದೆ.

ಅವರು ಹೋಗಲಿಲ್ಲ. ಒಂದು ಸ್ಟೂಲ್ ಎಳೆದುಕೊಂಡು ಕೂತರು. ನಾನು ಎಲ್ಲ ಹೇಳಿದೆ. ನೀಲಿ ದಾರ, ಬೆರಳಿನ ಗುರುತು, ಎಲ್ಲ. ಅವರು ಸಮಾಧಾನದ ಮಾತು ಒಂದೂ ಆಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ‘ನನ್ನ ಹತ್ರಾನೂ ಒಂದಿದೆ ಕಣೇ. ಒಂದು ಮಗುವಿನ ಚಪ್ಪಲಿ’ ಅಂದರು. ಆಮೇಲೆ ಅವರು ಹೇಳುತ್ತಾ ಹೋದರು, ನಾನು ಕೇಳುತ್ತಾ ಕೂತೆ.