ಖಾಲಿ ಜಮೀನು ಅಂದವರು ಯಾರು?

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಹೇಳಲು ಬಂದಿರುವುದು ಇಥಿಯೋಪಿಯಾದ ಒಂದು ಹೊಳೆ ದಂಡೆಯ ಕಥೆ. ಆದರೆ ಅದು ಶುರುವಾಗುವುದು ನಮ್ಮ ಬೆಂಗಳೂರಿನಿಂದಲೇ. ಗುಲಾಬಿ ಬೆಳೆದು ಯುರೋಪಿಗೆ ಕಳಿಸುತ್ತಿದ್ದ ಕರುಟೂರಿ ಗ್ಲೋಬಲ್ ಕಂಪನಿಯ ಹೆಸರು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. 2010ರಲ್ಲಿ ಇಥಿಯೋಪಿಯಾ ಸರ್ಕಾರ ಈ ಕಂಪನಿಗೆ ಗಂಬೆಲ್ಲಾ ಪ್ರಾಂತ್ಯದಲ್ಲಿ 1 ಲಕ್ಷ ಹೆಕ್ಟೇರ್ ಜಮೀನನ್ನು 50 ವರ್ಷಕ್ಕೆ ಗುತ್ತಿಗೆ ಕೊಟ್ಟಿತು. ಎರಡು ವರ್ಷದಲ್ಲಿ ಅಷ್ಟನ್ನೂ ಸಾಗುವಳಿಗೆ ತಂದರೆ ಇನ್ನೂ 2 ಲಕ್ಷ ಹೆಕ್ಟೇರ್ ಕೊಡುವ ಮಾತಿತ್ತು. ಒಟ್ಟು 3 ಲಕ್ಷ. ನಮ್ಮ ಕೊಡಗು ಜಿಲ್ಲೆಯ ಹತ್ತಿರ ಹತ್ತಿರ ಮುಕ್ಕಾಲು ಭಾಗ ಅಂದುಕೊಳ್ಳಿ.

ಗೇಣಿ ಎಷ್ಟು? ಹೆಕ್ಟೇರಿಗೆ ವರ್ಷಕ್ಕೆ 20 ಬಿರ್, ಅಂದರೆ ಅಲ್ಲಿನ ಹಣದಲ್ಲಿ. ಆಗಿನ ಲೆಕ್ಕದಲ್ಲಿ ಎಕರೆಗೆ 25 ರೂಪಾಯಿಯೂ ಆಗುವುದಿಲ್ಲ.

ಆ ಕರಾರು ಪತ್ರ ಸಾರ್ವಜನಿಕವಾಗಿದೆ. ನಾನು ಅದನ್ನು ಒಂದಕ್ಕಿಂತ ಹೆಚ್ಚು ಸಲ ಓದಿದ್ದೇನೆ. ಎರಡು ಷರತ್ತು ಮನಸ್ಸಿನಲ್ಲಿ ಹಾಗೇ ಕೂತಿವೆ. ಒಂದು, ಸರ್ಕಾರ ಜಮೀನನ್ನು ಖಾಲಿ ಮಾಡಿ, ಯಾವ ಅಡ್ಡಿಯೂ ಇಲ್ಲದಂತೆ ಕಂಪನಿಯ ವಶಕ್ಕೆ ಕೊಡಬೇಕು. ಇನ್ನೊಂದು, ಗಲಭೆ ಗಲಾಟೆ ಆದರೆ, ಕಂಪನಿ ಕೇಳಿದಾಗ ಸರ್ಕಾರವೇ ಬಿಟ್ಟಿಯಾಗಿ ರಕ್ಷಣೆ ಕೊಡಬೇಕು. ಈ ಎರಡನ್ನೂ ಒಟ್ಟಿಗೆ ಓದಿ ನೋಡಿ. ಜಮೀನು ನಿಜವಾಗಿ ಖಾಲಿ ಇದ್ದಿದ್ದರೆ ಗಲಾಟೆ ಮಾಡುವವರು ಎಲ್ಲಿಂದ ಬರಬೇಕು, ಅಲ್ವಾ?

ಈ 'ಖಾಲಿ' ಅನ್ನುವ ಮಾತು ನಮಗೂ ಹೊಸದಲ್ಲ. ನಮ್ಮ ಕಡೆ ಪಹಣಿಯಲ್ಲಿ 'ಸರ್ಕಾರಿ ಗೋಮಾಳ' ಅಂತ ಇರುತ್ತದೆ. ಏಪ್ರಿಲ್‌ನಲ್ಲಿ ಹೋಗಿ ನೋಡಿದರೆ ಒಣಹುಲ್ಲು, ಜಾಲಿ, ಒಂದೆರಡು ಹುತ್ತ. ಯಾರೂ ಇಲ್ಲ. ಅದೇ ಜಾಗಕ್ಕೆ ಮಳೆ ಬಿದ್ದು ತಿಂಗಳಾದ ಮೇಲೆ ಹೋಗಿ. ಊರಿನ ದನ, ಕುರಿ, ಸೌದೆ ಆರಿಸುವ ಹೆಂಗಸರು, ದಾರಿ ಬದಿ ಸೊಪ್ಪು ಕೀಳುತ್ತಿರುವ ಅಜ್ಜಿ, ಎಲ್ಲರೂ ಅಲ್ಲೇ ಸಿಗುತ್ತಾರೆ. ಯಾರ ಹೆಸರೂ ಪಹಣಿಯಲ್ಲಿ ಇರುವುದಿಲ್ಲ.

ಗಂಬೆಲ್ಲಾದಲ್ಲಿ ಬಾರೊ ಹೊಳೆ ಹರಿಯುತ್ತದೆ. ಅನುವಾಕ್ ಜನ ನೆರೆ ಇಳಿದ ಮೇಲೆ ದಂಡೆಯ ಹಸಿ ಮಣ್ಣಿನಲ್ಲಿ ಜೋಳ ಬಿತ್ತುತ್ತಾರೆ. ಮೇಲಿನ ನೆಲದಲ್ಲಿ ಕೆಲವು ವರ್ಷ ಬೆಳೆದು, ಮತ್ತೆ ಕೆಲವು ವರ್ಷ ಬೀಳು ಬಿಡುತ್ತಾರೆ. ನುಯೆರ್ ಜನ ದನ ಹೊಡೆದುಕೊಂಡು ಹುಲ್ಲು ಹುಡುಕುತ್ತಾ ಹೋಗುತ್ತಾರೆ. ರಾಜಧಾನಿಯಲ್ಲಿ ಕೂತು ನಕ್ಷೆ ನೋಡುವವರಿಗೆ ಬೀಳು ಬಿಟ್ಟ ನೆಲ ಕಾಣುವುದು ಖಾಲಿ ಅಂತಲೇ. 1995ರ ಸಂವಿಧಾನದ ಪ್ರಕಾರ ಅಲ್ಲಿ ಜಮೀನು ಸರ್ಕಾರದ್ದು ಮತ್ತು ಜನರದ್ದು. ಮಾರುವಂತಿಲ್ಲ. ಕೇಳಲು ಚೆನ್ನಾಗಿದೆ. ಆದರೆ ಸಹಿ ಹಾಕುವ ಹೊತ್ತಿಗೆ 'ಜನರದ್ದು' ಅನ್ನುವುದು ಬಿದ್ದುಹೋಗಿತ್ತು.

ಅದೇ ಹೊತ್ತಿಗೆ ಸರ್ಕಾರ ಗಂಬೆಲ್ಲಾದ ಸಾವಿರಾರು ಕುಟುಂಬಗಳನ್ನು ಹೊಸ ಊರುಗಳಿಗೆ ಸಾಗಿಸುವ ಕೆಲಸ ಶುರು ಮಾಡಿತು. ಶಾಲೆ, ಆಸ್ಪತ್ರೆ, ನೀರು ಕೊಡುತ್ತೇವೆ ಎಂದಿತು. ಬಲವಂತವಾಗಿ ಎಬ್ಬಿಸಿದರು ಅಂತ ಮಾನವ ಹಕ್ಕು ಸಂಘಟನೆಗಳು 2012ರಲ್ಲಿ ವರದಿ ಮಾಡಿದವು. ಸರ್ಕಾರ ಇದನ್ನು ಒಪ್ಪಲಿಲ್ಲ. ತನ್ನಿಂದ ಯಾರೂ ಊರು ಬಿಟ್ಟಿಲ್ಲ ಅಂತ ಕಂಪನಿಯೂ ಹೇಳಿತು.

ಕೊನೆಗೆ ಏನಾಯಿತು? 2011ರಲ್ಲಿ ಬಾರೊ ಉಕ್ಕಿ ಹರಿದು ಕಂಪನಿಯ ಮೆಕ್ಕೆಜೋಳ ಹಾಳಾಯಿತು. ನೆರೆ ಎಲ್ಲಿಯವರೆಗೆ ಬರುತ್ತದೆ ಅಂತ ದಂಡೆಯ ರೈತರನ್ನು ಕೇಳಿದ್ದರೆ ಬೆರಳು ತೋರಿಸಿ ಹೇಳುತ್ತಿದ್ದರು. 2015ರ ಕೊನೆಗೆ ಸರ್ಕಾರ ಗುತ್ತಿಗೆ ರದ್ದು ಮಾಡಿತು. ಆಗ ಅದು ಕೊಟ್ಟ ಕಾರಣ ಇದು: ಸಾಗುವಳಿ ಆಗಿದ್ದು ಬರೀ 1,200 ಹೆಕ್ಟೇರ್. ಕಂಪನಿ ಈ ರದ್ದತಿಯನ್ನು ಒಪ್ಪಲಿಲ್ಲ. ಆದರೆ ನೂರರಲ್ಲಿ ಒಂದು ಪಾಲು ಮಾತ್ರ ಉಳಲಾಗಿದೆ ಅಂತ ಸರ್ಕಾರ ಹೇಳಲು ಐದು ವರ್ಷ ಬೇಕಾಯಿತು. ನನಗೆ ಜಾಸ್ತಿ ನೋವಾಗುವುದು ಇಲ್ಲಿ. ನೋಡಿಕೊಳ್ಳಬೇಕಾದವರು ಯಾರು? ಕೃಷಿ ಸಚಿವಾಲಯ. ಹೂಡಿಕೆದಾರರನ್ನು ಕರೆದದ್ದು ಅದೇ. ಗುತ್ತಿಗೆ ಬರೆದುಕೊಟ್ಟದ್ದೂ ಅದೇ. ಪರಿಸರಕ್ಕೆ ಏನು ತೊಂದರೆ ಅಂತ ಪರಿಶೀಲಿಸುವ ಹೊಣೆಯನ್ನೂ ಅದಕ್ಕೇ ವಹಿಸಿದ್ದರು. ಹೆಣ್ಣಿನ ಕಡೆ, ಗಂಡಿನ ಕಡೆ, ಪುರೋಹಿತ ಮೂರೂ ಒಬ್ಬನೇ ಆದರೆ ಮದುವೆಯಲ್ಲಿ 'ಬೇಡ' ಅನ್ನುವವರು ಯಾರು?

ಇದಕ್ಕೆ ಸುಮ್ನೆ ಒಂದು ಮಿತಿ ಹಾಕಿದರೆ ಸಾಕು ಅನ್ನುವವರಿದ್ದಾರೆ. ಕಾಂಬೋಡಿಯಾ 2001ರ ಕಾನೂನಿನಲ್ಲಿ ಹಾಕಿತ್ತು. ಒಬ್ಬರಿಗೆ 10,000 ಹೆಕ್ಟೇರ್ ಮಾತ್ರ. ಒಬ್ಬನೇ ಮಾಲೀಕ ಎರಡು ಹೆಸರಿನಲ್ಲಿ ಎರಡು ಕಂಪನಿ ಮಾಡಿ, ಅಕ್ಕಪಕ್ಕದ ಜಮೀನು ಹಿಡಿದ. ಬೇಲಿ ಒಂದೇ, ಕಡತ ಎರಡು. ಕೊನೆಗೆ 2012ರಲ್ಲಿ ಹೊಸ ಗುತ್ತಿಗೆಗಳನ್ನೇ ನಿಲ್ಲಿಸಬೇಕಾಯಿತು. ಮೊಜಾಂಬಿಕ್‌ನ 1997ರ ಕಾನೂನು ನನಗೆ ಇದಕ್ಕಿಂತ ಇಷ್ಟ. ಕಾಗದ ಇಲ್ಲದಿದ್ದರೂ ತಲೆತಲಾಂತರದಿಂದ ಉಳುತ್ತಿದ್ದರೆ ಹಕ್ಕು ಇದೆ ಅನ್ನುತ್ತದೆ. ಅಕ್ಕಪಕ್ಕದವರ ಬಾಯಿಮಾತೇ ಸಾಕ್ಷಿಯಾಗುತ್ತದೆ. ಹೂಡಿಕೆದಾರನಿಗೆ ಕೊಡುವ ಮೊದಲು ಊರಿನವರ ಜೊತೆ ಕೂತು ಮಾತಾಡಲೇಬೇಕು. ಆದರೆ ಎಷ್ಟೋ ಕಡೆ ಆ ಮಾತುಕತೆ ಒಂದೇ ಮಧ್ಯಾಹ್ನದಲ್ಲಿ, ಊರಿನ ಹಿರಿಯನ ಒಂದು ಸಹಿಯಲ್ಲಿ ಮುಗಿದಿದೆ.

ಸರಿಯಾಗಿ ಕೇಳಿದರೆ ಏನಾಗುತ್ತದೆ ಅನ್ನುವುದನ್ನು ನಾವು ನಮ್ಮ ದೇಶದಲ್ಲೇ ಕಂಡಿದ್ದೇವೆ. 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಒಡಿಶಾದ ನಿಯಮಗಿರಿ ಬೆಟ್ಟದಲ್ಲಿ ಗಣಿ ಬೇಕೋ ಬೇಡವೋ ಅಂತ ಕೇಳಲು 12 ಗ್ರಾಮಸಭೆಗಳು ನಡೆದವು. 12 ಕಡೆಯೂ ಜನ ಗಣಿ ಬೇಡ ಅಂದರು. ಗಣಿ ಆಗಲಿಲ್ಲ.

ಹಾಗಾಗಿ ಗುತ್ತಿಗೆಯ ನಿಯಮ ಸಹಿಗಿಂತ ಮೊದಲೇ ಶುರುವಾಗಬೇಕು ಅನ್ನುತ್ತೇನೆ. ಜಮೀನು ಖಾಲಿ ಇದೆಯೋ ಇಲ್ಲವೋ ಅಂತ ಬರೆಯುವ ಅಧಿಕಾರ ಅದನ್ನು ಕೊಡುವ ಇಲಾಖೆಗೆ ಇರಬಾರದು. ಊರಿನವರು ಎಲ್ಲ ಕಾಲದಲ್ಲೂ ತಮ್ಮ ಗಡಿ ನಡೆದು ತೋರಿಸಬೇಕು. ಸಣ್ಣ ತುಂಡು ಕೊಟ್ಟು, ಅಲ್ಲಿ ಬೆಳೆ ಕಂಡ ಮೇಲೆ ಮುಂದಿನದು. ಕಂಪನಿ ಬಳಸುವ ನೀರಿಗೆ ಬೇರೆ ಲೆಕ್ಕ ಇರಬೇಕು. ಮತ್ತೆ, ಗುತ್ತಿಗೆ ಮುರಿದುಬಿದ್ದರೆ ನೆಲ ಯಾರಿಗೆ ವಾಪಸ್ ಅನ್ನುವುದು ಮೊದಲ ಪುಟದಲ್ಲೇ ಇರಬೇಕು. ಈಗಿನ ಪದ್ಧತಿಯಲ್ಲಿ ಅದು ಸರ್ಕಾರಕ್ಕೆ ಹೋಗುತ್ತದೆ, ಊರಿಗೆ ಬರುವುದಿಲ್ಲ.

ನಮಗೂ ಒಂದು ಕೆಲಸ ಇದೆ. ಕರುಟೂರಿ ಕಂಪನಿಯ ಷೇರು ಮುಂಬೈ ಪೇಟೆಯಲ್ಲಿ ಮಾರಾಟಕ್ಕಿತ್ತು. ಹಣ ಹಾಕಿದವರು ನಮ್ಮಂಥವರೇ. ಇನ್ನು ಮುಂದೆ ಇಲ್ಲಿನ ಯಾವುದೇ ಕಂಪನಿ ಹೊರದೇಶದಲ್ಲಿ ಜಮೀನು ಹಿಡಿದರೆ ಎರಡು ಕಾಗದ ಷೇರುದಾರರ ಸಭೆಗೆ ಬರಬೇಕು. ಒಂದು ಕರಾರು, ಇನ್ನೊಂದು ಆ ಊರಿನವರ ಒಪ್ಪಿಗೆ. ಎರಡನೆಯದು ಇಲ್ಲದಿದ್ದರೆ ಎದ್ದು ನಿಂತು ಕೇಳಿ, ಅದು ಎಲ್ಲಿ ಅಂತ.