ನೀರಿನ ಜಾಡು ಹಿಡಿದು ಊಡ್ನಡಾಟ್ಟಾ ಟ್ರ್ಯಾಕ್

ನಮಸ್ಕಾರ ಎಲ್ಲರಿಗೂ. ನೀವು ನೋಡುತ್ತಿರುವುದು ದಕ್ಷಿಣ ಆಸ್ಟ್ರೇಲಿಯಾದ ಊಡ್ನಡಾಟ್ಟಾ ಟ್ರ್ಯಾಕ್. ಮರ್ರೀ ಎಂಬ ಪುಟ್ಟ ಊರಿನಿಂದ ಮಾರ್ಲಾವರೆಗೆ ಸುಮಾರು 620 ಕಿಲೋಮೀಟರ್, ಮಣ್ಣು ಮತ್ತು ಕಲ್ಲಿನ ರಸ್ತೆ. ನಡುವೆ ಡೀಸೆಲ್ ಸಿಗುವುದು ವಿಲಿಯಂ ಕ್ರೀಕ್ ಮತ್ತು ಊಡ್ನಡಾಟ್ಟಾದಲ್ಲಿ ಮಾತ್ರ, ಒಂದರಿಂದ ಇನ್ನೊಂದಕ್ಕೆ ಹೆಚ್ಚುಕಮ್ಮಿ 200 ಕಿಲೋಮೀಟರ್. ದಾರಿಯ ಬಹುಪಾಲು ನೆಟ್‌ವರ್ಕ್ ಇಲ್ಲ, ಹಾಗಾಗಿ ಸ್ಯಾಟಲೈಟ್ ಫೋನ್ ಜೊತೆಗಿದೆ. ಎರಡು ಸ್ಟೆಪ್ನಿ ಇದೆ. ಕುಡಿಯುವ ನೀರು ಒಬ್ಬರಿಗೆ ದಿನಕ್ಕೆ ಹತ್ತು ಲೀಟರ್ ಲೆಕ್ಕದಲ್ಲಿ ತುಂಬಿಸಿಕೊಂಡಿದ್ದೇವೆ.

ಇಲ್ಲಿ ಟೈರಿನ ಗಾಳಿ ಇಳಿಸುತ್ತಿದ್ದೇವೆ, 38 ಪಿಎಸ್‌ಐನಿಂದ 28ಕ್ಕೆ. ಟೈರ್ ಸ್ವಲ್ಪ ಮೆತ್ತಗಾದರೆ ಚೂಪು ಕಲ್ಲಿಗೆ ಬಗ್ಗುತ್ತದೆ, ಸೀಳುವುದು ಕಮ್ಮಿ. ರಸ್ತೆ ಕೆಲವು ಕಡೆ ಶೀಟಿನ ಮಾಡಿನ ಹಾಗೆ ಏರಿಳಿತ, ಅಲ್ಲಿಯೂ ಗಾಡಿ ಜಾಸ್ತಿ ಅದುರುವುದಿಲ್ಲ. ಆದರೆ ಗಾಳಿ ಇಳಿಸಿದ ಮೇಲೆ ವೇಗವನ್ನೂ ಇಳಿಸಲೇಬೇಕು, ಇಲ್ಲದಿದ್ದರೆ ಟೈರ್ ಬಿಸಿಯಾಗಿ ಹಾಳಾಗುತ್ತದೆ.

ಈಗ ಬಲಕ್ಕೆ ದೂರದಲ್ಲಿ ಬೆಳ್ಳಗೆ ಕಾಣುತ್ತಿದೆಯಲ್ಲಾ, ಅದು ಕಾಟಿ ತಾಂಡಾ ಅಥವಾ ಲೇಕ್ ಐರ್ ಎಂಬ ಉಪ್ಪಿನ ಕೆರೆಯ ದಕ್ಷಿಣದ ಭಾಗ. ಈ ಕೆರೆ ಆಸ್ಟ್ರೇಲಿಯಾದ ಅತಿ ತಗ್ಗಿನ ಜಾಗ, ಸಮುದ್ರ ಮಟ್ಟಕ್ಕಿಂತ ಸುಮಾರು 15 ಮೀಟರ್ ಕೆಳಗೆ. ಹೆಚ್ಚಿನ ಕಾಲ ಬರೀ ಉಪ್ಪು.

ಇಂಥ ಒಣ ನೆಲದಲ್ಲಿ ಈ ನೀರು ನೋಡಿ! ಇದು ಬಬ್ಲರ್ ಎಂಬ ಬುಗ್ಗೆ. ತಳದಿಂದ ಮರಳು ಸಮೇತ ಕುದಿಯುವಂತೆ ಮೇಲೇಳುತ್ತಿದೆ, ನಾನಂತೂ ಹಲಗೆ ದಾರಿಯ ಮೇಲೆ ನಿಂತು ಎಷ್ಟೋ ಹೊತ್ತು ನೋಡುತ್ತಲೇ ಇದ್ದೆ. ಪಕ್ಕದ ದಿಬ್ಬದ ತುದಿಯಲ್ಲಿ ದುಂಡಗಿನ ಕೊಳ, ಅದರ ಹೆಸರು ಬ್ಲಾಂಚ್ ಕಪ್. ಆಸ್ಟ್ರೇಲಿಯಾದ ಐದನೇ ಒಂದು ಭಾಗಕ್ಕಿಂತ ಜಾಸ್ತಿ ನೆಲದ ಕೆಳಗೆ ಗ್ರೇಟ್ ಆರ್ಟೀಸಿಯನ್ ಬೇಸಿನ್ ಎಂಬ ಅಂತರ್ಜಲದ ದೊಡ್ಡ ಭಂಡಾರ ಹರಡಿದೆ. ದೂರದ ಪೂರ್ವದ ಬೆಟ್ಟಗಳಲ್ಲಿ ಬಿದ್ದ ಮಳೆ ಕಲ್ಲಿನ ಪದರದೊಳಗೆ ಇಳಿದು, ಲಕ್ಷಾಂತರ ವರ್ಷ ನಿಧಾನವಾಗಿ ಹರಿದು, ಇಲ್ಲಿ ಬಿರುಕು ಸಿಕ್ಕ ಕಡೆ ತನ್ನ ಒತ್ತಡದಿಂದಲೇ ಮೇಲೆ ಬರುತ್ತದೆ. ನೀರು ಆವಿಯಾಗಿ ಅದರಲ್ಲಿದ್ದ ಖನಿಜ ಉಳಿಯುತ್ತದೆ. ಮರಳು, ಮಣ್ಣು ಅದಕ್ಕೆ ಅಂಟಿ ಅಂಟಿ ಈ ದಿಬ್ಬಗಳು ಬೆಳೆದಿವೆ.

ಈ ಬುಗ್ಗೆಗಳು ಸಾಲಾಗಿ ಇವೆ. ರಸ್ತೆ ಇಲ್ಲಿ ಬಂದದ್ದೇ ಆ ಸಾಲಿನಿಂದ. ಇದು ಅರಬಾನಾ ಎಂಬ ಮೂಲನಿವಾಸಿ ಜನರ ನಾಡು. ಬುಗ್ಗೆಯಿಂದ ಬುಗ್ಗೆಗೆ ನಡೆಯುವ ದಾರಿ, ಸರಕು ಸಾಗಿಸುವ ದಾರಿ ಎಲ್ಲವೂ ಮೊದಲಿನಿಂದ ಇಲ್ಲಿನ ಜನರಿಗೆ ಗೊತ್ತಿತ್ತು. ಜಾನ್ ಮೆಕ್‌ಡೂಆಲ್ ಸ್ಟುವರ್ಟ್ ಎಂಬ ಅನ್ವೇಷಕ 1859ರಲ್ಲಿ ಇದೇ ಬುಗ್ಗೆಗಳ ನೀರು ನಂಬಿ ಉತ್ತರಕ್ಕೆ ಹೋದ. 1872ರಲ್ಲಿ ಉತ್ತರದ ಡಾರ್ವಿನ್ ಊರಿನವರೆಗಿನ ಟೆಲಿಗ್ರಾಫ್ ತಂತಿ ಇದೇ ದಾರಿಯಲ್ಲಿ ಪೂರ್ತಿಯಾಯಿತು. ಆಮೇಲೆ ರೈಲು. ಉಗಿ ಎಂಜಿನ್ನಿಗೂ ನೀರು ಬೇಕಲ್ವಾ! 1891ರಲ್ಲಿ ಹಳಿ ಊಡ್ನಡಾಟ್ಟಾ ಮುಟ್ಟಿತು, 1980ರಲ್ಲಿ ಈ ಮಾರ್ಗ ನಿಂತಿತು.

ಈ ದಾರಿಯಲ್ಲಿ ಸರಕಿನ ಒಂಟೆಗಳನ್ನು ನಡೆಸಿದವರ ಬಗ್ಗೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಎಲ್ಲರನ್ನೂ ಅಫ್ಘನ್ನರು ಎಂದು ಕರೆದರು, ಆದರೆ ಬಲೂಚಿಸ್ತಾನ, ಪಂಜಾಬ್ ಕಡೆಯವರೂ ಅವರಲ್ಲಿದ್ದರು. ತಂತಿ, ಹಿಟ್ಟು, ಉಣ್ಣೆ ಎಲ್ಲ ಅವರ ಒಂಟೆಗಳ ಬೆನ್ನ ಮೇಲೆ ಹೋಯಿತು. ಮರ್ರೀಯಲ್ಲಿ ಅವರ ಮಸೀದಿಯ ಮಾದರಿ ಇದೆ. ಸುಮ್ನೆ ಫೋಟೋ ತೆಗೆದು ಹೊರಡಬೇಡಿ, ಸ್ವಲ್ಪ ಹೊತ್ತು ನಿಲ್ಲಿ.

ರಾತ್ರಿ ಕೌವರ್ಡ್ ಸ್ಪ್ರಿಂಗ್ಸ್‌ನಲ್ಲಿ ಟೆಂಟ್ ಹಾಕಿದೆವು. ಹಳೇ ರೈಲು ನಿಲ್ದಾಣದ ಜಾಗ, ಖರ್ಜೂರದ ಮರಗಳಿವೆ, ಬುಗ್ಗೆ ನೀರಿನಲ್ಲಿ ಕೂರಲು ಒಂದು ತೊಟ್ಟಿಯೂ ಇದೆ. ಗ್ಯಾಸ್ ಸ್ಟೋವ್ ಮೇಲೆ ಚಿತ್ರಾನ್ನ ಆಯಿತು. ಮರುದಿನ ವಿಲಿಯಂ ಕ್ರೀಕ್ ದಾಟಿ ಆಲ್ಜಿಬಕಿನಾ. 1892ರ ರೈಲ್ವೆ ಸೇತುವೆ, 578 ಮೀಟರ್ ಉದ್ದ, ಕೆಳಗೆ ನೀಲ್ಸ್ ನದಿಯ ಮಡು.

ಇಂಥ ಮಡುವಿನ ಹತ್ತಿರ ಉಳಿಯುವುದಾದರೆ ಟೆಂಟ್ ದಡದಿಂದ ದೂರ ಹಾಕಿ. ಹಕ್ಕಿ, ದನ, ಡಿಂಗೋ ಎಂಬ ಕಾಡುನಾಯಿ ಎಲ್ಲಕ್ಕೂ ರಾತ್ರಿ ಅದೇ ನೀರು, ನಾವು ದಡದಲ್ಲೇ ಕೂತರೆ ಹತ್ತಿರ ಬರುವುದಿಲ್ಲ. ಪಾತ್ರೆ, ಸೋಪು ನೀರಿಗೆ ತರಲೇಬೇಡಿ. ಬರುವುದಾದರೆ ಮೇನಿಂದ ಆಗಸ್ಟ್ ಒಳಗೆ, ಇಲ್ಲಿನ ತಂಪು ಕಾಲದಲ್ಲಿ ಬನ್ನಿ. ಬೇಸಿಗೆಯ ಬಿಸಿಲು ಅಪಾಯ, 1960ರ ಜನವರಿ 2ರಂದು ಊಡ್ನಡಾಟ್ಟಾದಲ್ಲಿ 50.7 ಡಿಗ್ರಿ ದಾಖಲಾಗಿತ್ತು. ಮಳೆ ಬಂದರೆ ರಸ್ತೆ ಮುಚ್ಚುತ್ತಾರೆ, ಮುಚ್ಚಿದ ರಸ್ತೆಗೆ ಇಳಿದರೆ ದಂಡ. ಹೊರಡುವ ದಿನ ಬೆಳಿಗ್ಗೆ ಸರ್ಕಾರದ ರಸ್ತೆ ಮಾಹಿತಿ ನೋಡಿ, ಆಮೇಲೆ ಗಾಡಿ ತೆಗೆಯಿರಿ.