ಕರೆಂಟ್ ಇದ್ದಾಗ ತುಂಬಿಕೊಳ್ಳಿ

ಕೇಳುಗರಿಗೆ ನಮಸ್ಕಾರ.

ಇವತ್ತು ನಾನು ಮಾತಾಡುತ್ತಿರುವುದು ಮುಖ್ಯವಾಗಿ ನಮ್ಮ ಸರ್ಕಾರಿ ಶಾಲೆಗಳ ಶಿಕ್ಷಕರ ಜೊತೆ. ಚಿಂಚೋಳಿ, ಔರಾದ, ಗುರುಮಠಕಲ್, ಸುರಪುರ ಕಡೆಯ ಹಳ್ಳಿ ಶಾಲೆಯಿಂದ ಬಸ್ಸು ಹಿಡಿದು ಮನೆಗೆ ಬಂದು, ಚಹಾ ಕುಡಿಯುತ್ತ ರೇಡಿಯೋ ಹಚ್ಚಿಕೊಂಡು ಕೂತವರು ನನ್ನ ಕಣ್ಣ ಮುಂದೆ ಇದ್ದಾರೆ. ಮುಖ್ಯಗುರುಗಳು, ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಅಧ್ಯಕ್ಷರು ಯಾರಾದರೂ ಕೇಳುತ್ತಿದ್ದರೆ ದಯವಿಟ್ಟು ಕೊನೆಯವರೆಗೂ ಇರಿ, ನಿಮಗೂ ಒಂದು ಕೆಲಸ ಹೇಳುವುದಿದೆ.

ಪದೇ ಪದೇ ಕರೆಂಟ್ ಹೋಗುವ ಊರಿನಲ್ಲಿ ಸ್ಮಾರ್ಟ್ ಕ್ಲಾಸ್ ನಡೆಸುವುದು ಹೇಗೆ? ಇದು ನನಗೆ ಕೊಟ್ಟ ವಿಷಯ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಕರೆಂಟ್ ಇದ್ದಾಗ ತುಂಬಿಕೊಳ್ಳಿ. ಪಾಠದ ಹೊತ್ತಿಗೆ ಅದರ ದಾರಿ ಕಾಯಬೇಡಿ. ನಾನು ಹೇಳಬೇಕಾದದ್ದು ಇಷ್ಟೇ, ಇದನ್ನೇ ಇವತ್ತು ಬೇರೆ ಬೇರೆ ರೀತಿಯಲ್ಲಿ ಹೇಳುತ್ತೇನೆ.

ನಮ್ಮ ಮನೆಗಳಲ್ಲಿ ನಳದ ನೀರು ಹೇಗೆ ಬಳಸುತ್ತೇವೆ, ನೆನೆಸಿಕೊಳ್ಳಿ. ನೀರು ಬಿಟ್ಟಾಗ ಕೊಡ, ಬಕೆಟ್, ಡ್ರಮ್ಮು, ಮನೆಯಲ್ಲಿದ್ದ ಪಾತ್ರೆಯೆಲ್ಲ ತುಂಬಿಸಿಡುತ್ತೇವೆ. ನಳದ ಬಾಯಿಗೆ ಬೋಗುಣಿ ಹಿಡಿದು ಅನ್ನಕ್ಕಿಡುವವರು ಯಾರೂ ಇಲ್ಲ. ಕರೆಂಟನ್ನು ಮಾತ್ರ ಶಾಲೆಯಲ್ಲಿ ನಾವು ಹಾಗೇ ಬಳಸುತ್ತೇವೆ. ಪಾಠದ ಗಂಟೆ ಹೊಡೆದ ಮೇಲೆ ಸ್ವಿಚ್ ಒತ್ತುತ್ತೇವೆ, ಬರಲಿಲ್ಲ ಎಂದರೆ "ಇವತ್ತು ಸ್ಮಾರ್ಟ್ ಕ್ಲಾಸ್ ಇಲ್ಲ" ಎಂದು ಬಾಗಿಲು ಹಾಕುತ್ತೇವೆ.

ಕರೆಂಟ್ ಯಾಕೆ ಹೋಗುತ್ತದೆ ಎಂದು ಕೇಳುತ್ತ ಕೂತರೆ ಮಾತು ಮುಗಿಯುವುದಿಲ್ಲ. ಮೃಗಶಿರ ಮಳೆಯ ಗಾಳಿಗೆ ಬೇವಿನ ಟೊಂಗೆ ತಂತಿಯ ಮೇಲೆ ಬೀಳುತ್ತದೆ. ಬೇಸಿಗೆಯಲ್ಲಿ ಬಿಸಿಲು 42 ಡಿಗ್ರಿ ದಾಟಿದಾಗ ಊರಿನ ಕೂಲರುಗಳೆಲ್ಲ ಒಂದೇ ಹೊತ್ತಿಗೆ ತಿರುಗುತ್ತವೆ, ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಸುಡುತ್ತದೆ. ಲೈನ್ ದುರಸ್ತಿ ಎಂದು ಒಂದು ದಿನ ತೆಗೆಯುತ್ತಾರೆ. ಇವು ಯಾವುವೂ ಶಿಕ್ಷಕರ ಕೈಯಲ್ಲಿಲ್ಲ. ನಾಳೆಯ ಪಾಠ ನಿಮ್ಮ ಕೈಯಲ್ಲಿದೆ, ಅದರ ಬಗ್ಗೆ ಮಾತಾಡೋಣ.

ಶಾಲೆಯಲ್ಲಿರುವ ಉಪಕರಣಗಳನ್ನು ಎರಡು ಪಾಲು ಮಾಡಿ. ಮೊಬೈಲ್, ಟ್ಯಾಬ್, ಲ್ಯಾಪ್‌ಟಾಪ್, ಪವರ್ ಬ್ಯಾಂಕ್, ಬ್ಲೂಟೂತ್ ಸ್ಪೀಕರ್ ಒಂದು ಪಾಲು. ಇವಕ್ಕೆ ಹೊಟ್ಟೆಯಲ್ಲೇ ಬ್ಯಾಟರಿ ಇದೆ. ಟಿವಿ, ಪ್ರೊಜೆಕ್ಟರ್, ಮೇಜಿನ ಕಂಪ್ಯೂಟರ್ ಇನ್ನೊಂದು ಪಾಲು. ಇವು ಪ್ಲಗ್ಗಿಲ್ಲದೆ ನಡೆಯವು. ನಿಮ್ಮ ಪಾಠದ ಜೀವಾಳ ಯಾವಾಗಲೂ ಮೊದಲನೇ ಪಾಲಿನಲ್ಲಿ ಇರಬೇಕು. ಟಿವಿ ಇರುವುದು ಅದನ್ನು ದೊಡ್ಡದಾಗಿ ತೋರಿಸುವುದಕ್ಕೆ ಮಾತ್ರ.

ಇಂಟರ್ನೆಟ್ಟಿಗೂ ಇದೇ ಮಾತು. ಕರೆಂಟ್ ಹೋದರೆ ವೈಫೈ ಪೆಟ್ಟಿಗೆ ಆರುತ್ತದೆ. ಬಹಳ ಹೊತ್ತು ಹೋದರೆ ಟವರಿನ ಸಿಗ್ನಲ್ಲೂ ಸೊರಗುತ್ತದೆ. ಆದ್ದರಿಂದ ವೀಡಿಯೋವನ್ನು ಪಾಠದ ಹೊತ್ತಿಗೆ ಹುಡುಕಬೇಡಿ, ಹಿಂದಿನ ದಿನವೇ ಇಳಿಸಿಕೊಳ್ಳಿ. ಶಾಲಾ ಪಾಠಗಳಿಗಾಗಿ ಸರ್ಕಾರ ಮಾಡಿದ ದೀಕ್ಷಾ ಆ್ಯಪ್ ಬಂದದ್ದು 2017ರಲ್ಲಿ. ಪಠ್ಯಪುಸ್ತಕದ ಕ್ಯೂಆರ್ ಕೋಡ್‌ಗೆ ಮೊಬೈಲ್ ಹಿಡಿದರೆ ಆ ಪಾಠದ ಸಾಮಗ್ರಿ ತೆರೆದುಕೊಳ್ಳುತ್ತದೆ, ಇದು ಎಲ್ಲರಿಗೂ ಗೊತ್ತು. ಅದೇ ಪರದೆಯಲ್ಲಿ ಡೌನ್‌ಲೋಡ್ ಗುಂಡಿಯೂ ಇದೆ, ಅದನ್ನು ಒತ್ತುವವರು ಕಡಿಮೆ. ಒಮ್ಮೆ ಇಳಿಸಿಕೊಂಡರೆ ಆಮೇಲೆ ನೆಟ್ ಬೇಕಿಲ್ಲ. ವಿಜ್ಞಾನ, ಗಣಿತದವರಿಗೆ ಇನ್ನೊಂದು ಹೇಳುತ್ತೇನೆ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದವರು 2002ರಿಂದ ನಡೆಸುತ್ತಿರುವ ಫೆಟ್ ಎಂಬ ಯೋಜನೆಯಲ್ಲಿ ಪರದೆಯ ಮೇಲೇ ಕೈಯಾಡಿಸಿ ಕಲಿಯುವ ಪ್ರಯೋಗಗಳಿವೆ. ಕನ್ನಡಕ್ಕೆ ಬಂದವೂ ಇವೆ, ಹಣ ಕೊಡಬೇಕಿಲ್ಲ. ಲ್ಯಾಪ್‌ಟಾಪಿನಲ್ಲಿ ಇಳಿಸಿಟ್ಟರೆ ನೆಟ್ ಇಲ್ಲದೆಯೂ ಬ್ರೌಸರಿನಲ್ಲೇ ನಡೆಯುತ್ತವೆ. ಕೆಲವನ್ನು ಇವತ್ತು ರಾತ್ರಿಯೇ ಇಳಿಸಿಕೊಳ್ಳಿ.

ಈಗ ಒಂದು ಶಾಲೆಯ ಪ್ರಸಂಗ ಹೇಳಬೇಕು. ಸ್ವಲ್ಪ ಉದ್ದವಾದರೂ ಹೇಳುತ್ತೇನೆ, ಯಾಕೆಂದರೆ ನನ್ನ ಇಡೀ ಮಾತು ಇದರಲ್ಲಿದೆ.

ಚಿಂಚೋಳಿ ತಾಲ್ಲೂಕಿನ ಒಂದು ಪ್ರೌಢಶಾಲೆ. ಮಳೆಗಾಲ. ಹತ್ತನೇ ತರಗತಿಗೆ ಜೀವಕ್ರಿಯೆಗಳ ಪಾಠ ನಡೆದಿತ್ತು. ವಿಜ್ಞಾನದ ಮೇಡಂ ಟಿವಿಯಲ್ಲಿ ಹೃದಯದ ವೀಡಿಯೋ ಹಾಕಿದ್ದರು, ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ದೇಹದಿಂದ ಬಂದ, ಆಮ್ಲಜನಕ ಕಡಿಮೆಯಿರುವ, ವೀಡಿಯೋದಲ್ಲಿ ನೀಲಿ ಬಣ್ಣದಲ್ಲಿ ತೋರಿಸಿದ ರಕ್ತ ಬಲ ಹೃತ್ಕರ್ಣಕ್ಕೆ ಇಳಿಯಿತು, ಅಲ್ಲಿಂದ ಬಲ ಹೃತ್ಕುಕ್ಷಿಗೆ ಬಂತು. ಅಷ್ಟರಲ್ಲಿ ಕರೆಂಟ್ ಹೋಯಿತು. ಮಕ್ಕಳೆಲ್ಲ "ಹೋ" ಎಂದರು. ಮೇಡಂ ಕಿಟಕಿ ತೆಗೆಸಿದರು, ಬೋರ್ಡಿನ ಕಡೆ ತಿರುಗಿದರು. ಬೋರ್ಡಿನ ಮೇಲೆ ಹೃದಯದ ಚಿತ್ರ ಮೊದಲೇ ಇತ್ತು. ಪಾಠ ಶುರುವಾಗುವ ಮೊದಲೇ ಬರೆದಿಟ್ಟಿದ್ದರು. ಮಕ್ಕಳನ್ನು ಕೇಳಿದರು: "ರಕ್ತ ಈಗ ಬಲ ಹೃತ್ಕುಕ್ಷಿಯೊಳಗ ನಿಂತದ. ಮುಂದ ಎಲ್ಲಿಗಿ ಹೋಗ್ತದ, ನೀವೇ ಹೇಳ್ರಿ."

ಮೂರು ಉತ್ತರ ಬಂದವು. ಒಬ್ಬ ಮೈಗೆ ಹೋಗ್ತದ ಎಂದ, ಒಬ್ಬಳು ಶ್ವಾಸಕೋಶಕ್ಕ ಎಂದಳು, ಇನ್ನೊಬ್ಬ ಪಕ್ಕದ ಕೋಣೆಗೆ ಎಂದ. ಮೇಡಂ ಯಾವುದು ಸರಿ ಎಂದು ಹೇಳಲಿಲ್ಲ. ಆ ಕೋಣೆಯ ನೆಲಕ್ಕೆ ಶಹಾಬಾದ್ ಫರಸಿ ಹಾಸಿತ್ತು. ಒಂದಕ್ಕೊಂದು ಹತ್ತಿದ ನಾಲ್ಕು ಕಲ್ಲು ಆರಿಸಿ, ನಡುವಿನ ಸಂದಿನ ಮೇಲೆ ಸೀಮೆಸುಣ್ಣದಿಂದ ದಪ್ಪ ಗೆರೆ ಎಳೆದರು. ಮೇಲಿನ ಎರಡು ಹೃತ್ಕರ್ಣ, ಕೆಳಗಿನ ಎರಡು ಹೃತ್ಕುಕ್ಷಿ. ಎಡ ಬಲದ ನಡುವಿನ ಗೆರೆ ಗೋಡೆ, ಅದನ್ನು ದಾಟುವಂತಿಲ್ಲ. ಮೇಲೆ ಕೆಳಗಿನ ನಡುವೆ ಬಾಗಿಲು ಬಿಟ್ಟರು, ಅದು ಕವಾಟ, ಕೆಳಗೆ ಇಳಿಯಬಹುದು, ಮತ್ತೆ ಮೇಲೆ ಹತ್ತುವಂತಿಲ್ಲ. ಕಿಟಕಿ ಹತ್ತಿರ ನಿಂತ ಇಬ್ಬರು ಹುಡುಗಿಯರು ಶ್ವಾಸಕೋಶ. ನೀಲಿ ಪೆನ್ನು ಇಸಿದುಕೊಂಡು ಕೆಂಪು ಪೆನ್ನು ಕೊಡುವುದು ಅವರ ಕೆಲಸ. ಬಾಗಿಲ ಹತ್ತಿರ ನಿಂತವರು ಮೈ. ಅವರು ಕೆಂಪು ಇಸಿದುಕೊಂಡು ನೀಲಿ ಕೊಡಬೇಕು.

ಮೊದಲನೇ ಹುಡುಗ ನೀಲಿ ಪೆನ್ನು ಹಿಡಿದು ಬಲ ಹೃತ್ಕುಕ್ಷಿಯಿಂದ ಸೀದಾ ಎಡಕ್ಕೆ ಜಿಗಿದ. ಇಡೀ ಕ್ಲಾಸು ಕೂಗಿತು: "ಏ, ಗ್ವಾಡಿ ಅದನೋ ಅಲ್ಲಿ!" ಎರಡನೆಯವಳು ಕಿಟಕಿಗೆ ಹೋಗಿ ಕೆಂಪು ಪೆನ್ನು ತಂದಳು. ತಂದವಳು ಮತ್ತೆ ಬಲ ಹೃತ್ಕರ್ಣದ ಮೇಲೆ ಬಂದು ನಿಂತಳು. ಅಲ್ಲಿ ಆಗಲೇ ನೀಲಿ ಪೆನ್ನಿನ ಹುಡುಗ ನಿಂತಿದ್ದ. "ಕೆಂಪು, ನೀಲಿ ಎರಡೂ ಕೂಡಿದ್ರ ಹ್ಯಾಂಗ್ರಿ ಮೇಡಂ?" ಎಂದು ಕೇಳಿದ. ಅವಳು ಒಂದು ಕ್ಷಣ ನಿಂತು, ನೆಲ ನೋಡಿ, ತಾನೇ ಎಡ ಹೃತ್ಕರ್ಣಕ್ಕೆ ಹೋದಳು. ಅಲ್ಲಿಂದ ಕೆಳಗೆ, ಅಲ್ಲಿಂದ ಬಾಗಿಲಿಗೆ. ಹೃದಯಕ್ಕೆ ನಾಲ್ಕು ಕೋಣೆ ಯಾಕೆ ಬೇಕು ಎಂಬುದನ್ನು ಆ ಹುಡುಗಿ ಕಾಲಿನಿಂದ ಕಂಡುಕೊಂಡಳು. ನಾನು ಎಷ್ಟೋ ಶಾಲೆಗಳಲ್ಲಿ ಈ ಪಾಠ ನೋಡಿದ್ದೇನೆ, ಮಕ್ಕಳು ಅದನ್ನು ಇಷ್ಟು ಗಟ್ಟಿಯಾಗಿ ಹಿಡಿದದ್ದು ಅಪರೂಪ.

ಆಮೇಲೆ ಹಿಂದಿನ ಸಾಲಿನ ಹುಡುಗಿಯೊಬ್ಬಳು ಒಂದು ಪ್ರಶ್ನೆ ಕೇಳಿದಳು: "ಮೇಡಂ, ಚಿತ್ರದಾಗ ನಮ್ಮ ಎಡಕ್ಕ ಇರೋದಕ್ಕ ಬಲ ಅಂತ ಯಾಕ ಬರದಾರ್ರಿ?" ವರ್ಷಗಟ್ಟಲೆ ಮಕ್ಕಳು ಮನಸ್ಸಿನಲ್ಲೇ ಇಟ್ಟುಕೊಂಡು ಪರೀಕ್ಷೆಯಲ್ಲಿ ತಪ್ಪು ಬರೆಯುವ ಪ್ರಶ್ನೆ ಇದು. ಮೇಡಂ ಆ ಹುಡುಗಿಯನ್ನೇ ಮುಂದೆ ಕರೆದು, ಕ್ಲಾಸಿಗೆ ಮುಖ ಮಾಡಿ ನಿಲ್ಲಿಸಿ, ಬಲಗೈ ಎತ್ತಿಸಿದರು. "ನೋಡ್ರಿ, ಅಕಿ ಬಲಗೈ ನಿಮಗ ಯಾವ ಕಡಿ ಕಾಣ್ತದ?" ವೀಡಿಯೋ ಓಡುತ್ತಿದ್ದರೆ ಆ ಹುಡುಗಿ ಬಾಯಿ ಬಿಡುತ್ತಿರಲಿಲ್ಲ. ಓಡುವ ವೀಡಿಯೋವನ್ನು ಯಾವ ಮಗುವೂ ತಡೆದು ಪ್ರಶ್ನೆ ಕೇಳುವುದಿಲ್ಲ. ಇದು ಸಿಕ್ಕಾಪಟ್ಟೆ ವೀಡಿಯೋ ಹಾಕುವ ಶಿಕ್ಷಕರು ಗಮನಿಸಬೇಕಾದ ಮಾತು.

ಅಷ್ಟೊತ್ತಿಗೆ ಕರೆಂಟ್ ಬಂತು. ಟಿವಿಯ ಕೆಂಪು ದೀಪ ಹತ್ತಿತು. ಒಬ್ಬ ಹುಡುಗ ರಿಮೋಟಿಗೆ ಎದ್ದ, ಮೇಡಂ ಕೈಸನ್ನೆ ಮಾಡಿ ಕೂರಿಸಿದರು. ಎಲ್ಲರೂ ಒಂದು ಸುತ್ತು ನಡೆದು ಮುಗಿದ ಮೇಲೆ ಟಿವಿ ಹಚ್ಚಿದರು. ಎರಡು ನಿಮಿಷದಲ್ಲಿ ಕರೆಂಟ್ ಮತ್ತೆ ಹೋಯಿತು. ಆಗ ಬ್ಯಾಗಿನಿಂದ ಟ್ಯಾಬ್ ತೆಗೆದರು. ಅದೇ ವೀಡಿಯೋ ಅದರಲ್ಲಿತ್ತು. ಬೆಂಚಿಂದ ಬೆಂಚಿಗೆ ಹಿಡಿದುಕೊಂಡು ತೋರಿಸಿದರು. ಮಕ್ಕಳು ಈಗ ಸುಮ್ಮನೆ ನೋಡುತ್ತಿರಲಿಲ್ಲ, ತಾವು ನಡೆದ ದಾರಿ ಸರಿಯೋ ತಪ್ಪೋ ಎಂದು ತಾಳೆ ನೋಡುತ್ತಿದ್ದರು.

ಇದೆಲ್ಲ ಹೇಗೆ ಸಾಧ್ಯವಾಯಿತು ಎಂದು ಆಮೇಲೆ ಮೇಡಂ ಅವರನ್ನು ಕೇಳಿದೆ. ಅವರು ಹೇಳಿದ್ದು: "ಸರ್, ನನ್ನ ಪಾಠ ರಾತ್ರಿನೇ ತುಂಬಿಕೊಂಡು ಬಂದಿರ್ತೀನ್ರಿ. ಕರೆಂಟ್ ಇದ್ರ ದೊಡ್ಡದಾಗಿ ತೋರಸ್ತೀನಿ, ಹೋದ್ರ ಸಣ್ಣದಾಗಿ ತೋರಸ್ತೀನಿ."

ಶಿಕ್ಷಕ ಮಿತ್ರರೇ, ಅವರ ಹತ್ತಿರ ನಿಮ್ಮ ಹತ್ತಿರ ಇಲ್ಲದ್ದು ಏನೂ ಇರಲಿಲ್ಲ. ರಾತ್ರಿ ಚಾರ್ಜಿಗೆ ಹಾಕಿದ ಒಂದು ಟ್ಯಾಬ್, ಇಳಿಸಿಟ್ಟ ಒಂದು ವೀಡಿಯೋ, ಮೊದಲೇ ಬೋರ್ಡಿನ ಮೇಲೆ ಬರೆದ ಒಂದು ಚಿತ್ರ. ವೀಡಿಯೋವನ್ನು ಎಲ್ಲಿ ನಿಲ್ಲಿಸಿ ಏನು ಕೇಳಬೇಕು ಎಂಬುದೂ ಅವರಿಗೆ ಮೊದಲೇ ಗೊತ್ತಿತ್ತು. ಕರೆಂಟ್ ಇದ್ದಾಗ ತುಂಬಿಕೊಳ್ಳಿ ಎಂದು ನಾನು ಹೇಳುವುದು ಇದಕ್ಕೇ.

ಸಮಯ ಓಡುತ್ತಿದೆ, ಇನ್‌ವರ್ಟರ್ ಲೆಕ್ಕ ಬೇಗ ಹೇಳುತ್ತೇನೆ. ಕಾಗದ ಪೆನ್ನು ಹಿಡಿಯಿರಿ. ಸಾಮಾನ್ಯವಾಗಿ ಸಿಗುವ ಬ್ಯಾಟರಿ 12 ವೋಲ್ಟ್, 150 ಆಂಪಿಯರ್-ಅವರ್. ಗುಣಿಸಿದರೆ 1800 ವ್ಯಾಟ್-ಅವರ್, ಬ್ಯಾಟರಿಯಲ್ಲಿ ತುಂಬಿಡಬಹುದಾದ ಒಟ್ಟು ಕರೆಂಟಿನ ಲೆಕ್ಕ ಅದು. ಬ್ಯಾಟರಿ ಬಾಳಬೇಕೆಂದರೆ ಅರ್ಧ ಮಾತ್ರ ಬಳಸಬೇಕು, ಅಂದರೆ 900. ಇನ್‌ವರ್ಟರಿನಲ್ಲಿ ಸೋರಿಹೋಗುವುದನ್ನು ಕಳೆದರೆ ಸುಮಾರು 750 ಉಳಿಯುತ್ತದೆ. ಬಲ್ಬಿನ ಪ್ರೊಜೆಕ್ಟರ್ ಸುಮಾರು 300 ವ್ಯಾಟ್ ಎಳೆಯುತ್ತದೆ. ಎರಡೂವರೆ ತಾಸಿಗೆ ಬ್ಯಾಟರಿ ಖಾಲಿ. 43 ಇಂಚಿನ ಎಲ್‌ಇಡಿ ಟಿವಿ ಸುಮಾರು 75 ವ್ಯಾಟ್ ಎಳೆಯುತ್ತದೆ. ಅದೇ ಬ್ಯಾಟರಿಯಲ್ಲಿ ಹತ್ತು ತಾಸು, ಇಡೀ ಶಾಲೆಯ ದಿನ ಮುಗಿದೂ ಉಳಿಯುತ್ತದೆ. ಹೊಸದು ಕೊಳ್ಳುವಾಗ ಪ್ರೊಜೆಕ್ಟರ್ ಬೇಡ, ಟಿವಿ ತನ್ನಿ. ಇನ್ನೊಂದು ಕಾರಣವೂ ಇದೆ. ಪ್ರೊಜೆಕ್ಟರಿಗೆ ಕತ್ತಲೆ ಬೇಕು. ನಮ್ಮ ಬಿಸಿಲಿನಲ್ಲಿ ಕಿಟಕಿ ಮುಚ್ಚಿ, ಫ್ಯಾನ್ ಇಲ್ಲದೆ ಮಕ್ಕಳನ್ನು ಕೂರಿಸುವುದು ಸರಿಯಲ್ಲ. ಬೀದರಿನಲ್ಲಿ 1472ರಲ್ಲಿ ಮಹಮೂದ್ ಗವಾನ್ ಮದರಸಾ ಎಂಬ ವಿದ್ಯಾಲಯ ಕಟ್ಟಿದವರು ಕೋಣೆಗಳಿಗೆ ಗಾಳಿ ಬೆಳಕು ಬರುವ ಹಾಗೆ ನೋಡಿಕೊಂಡರು. ನಾವು ಪರದೆಗಾಗಿ ಕಿಟಕಿ ಮುಚ್ಚುವುದು ಬೇಡ. ಇದ್ದ ಪ್ರೊಜೆಕ್ಟರನ್ನೇ ಬಳಸುವವರು ಅದನ್ನು ಇನ್‌ವರ್ಟರ್ ಇಲ್ಲದೆ ಹಚ್ಚಬೇಡಿ. ಉರಿಯುತ್ತಿರುವಾಗ ತಟ್ಟನೆ ಕರೆಂಟ್ ಹೋದರೆ ತಂಪು ಮಾಡುವ ಫ್ಯಾನೂ ನಿಲ್ಲುತ್ತದೆ, ಬಲ್ಬಿನ ಆಯುಷ್ಯ ಕಡಿಮೆಯಾಗುತ್ತದೆ.

ಟಿವಿಯ ಹಿಂದೆ ಪೆನ್‌ಡ್ರೈವ್ ಹಾಕುವ ಜಾಗ ಇರುತ್ತದೆ. ಎಂಪಿ4 ವೀಡಿಯೋ ಅದರಲ್ಲೇ ನಡೆಯುತ್ತದೆ, ನಡುವೆ ಕಂಪ್ಯೂಟರ್ ಬೇಡ. ಕಂಪ್ಯೂಟರ್ ಬಿಟ್ಟರೆ ಬ್ಯಾಟರಿ ಇನ್ನೂ ಉಳಿಯುತ್ತದೆ.

ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಿ. ಬೋರಿನ ನೀರು ಬೇಡವೇ ಬೇಡ, ನಮ್ಮ ಕಡೆ ಬೋರಿನ ನೀರಿನಲ್ಲಿ ಲವಣ ಬಹಳ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಮಟ್ಟ ನೋಡಿ. ರಜೆಗೆ ಮೊದಲು ಪೂರ್ತಿ ಚಾರ್ಜ್ ಮಾಡಿಡಿ. ಗುಡುಗು ಶುರುವಾಗುವ ಮೊದಲೇ ಪ್ಲಗ್ಗು ಕಿತ್ತಿಡಿ, ಸ್ವಿಚ್ ಆರಿಸಿದರೆ ಸಾಲದು. ಕರೆಂಟ್ ಮರಳಿ ಬಂದಾಗ ಒಂದೆರಡು ನಿಮಿಷ ಬಿಟ್ಟು ಟಿವಿ ಹಚ್ಚಿ, ಮೊದಲಿಗೆ ವೋಲ್ಟೇಜ್ ಏರಿಳಿಯುತ್ತಿರುತ್ತದೆ.

ಈಗ ಮುಖ್ಯಗುರುಗಳು, ಎಸ್‌ಡಿಎಂಸಿ ಅಧ್ಯಕ್ಷರು ಕೇಳಬೇಕು. ಎಷ್ಟೋ ಶಾಲೆಗಳಲ್ಲಿ ಇನ್‌ವರ್ಟರ್ ಇದೆ. ಅದರ ವೈರು ಎಲ್ಲಿಗೆ ಹೋಗಿದೆ? ಆಫೀಸಿನ ಫ್ಯಾನಿಗೆ, ಆಫೀಸಿನ ಟ್ಯೂಬ್‌ಲೈಟಿಗೆ. ಸ್ಮಾರ್ಟ್ ಕ್ಲಾಸ್ ಕೋಣೆಯಲ್ಲಿ ಐವತ್ತು ಮಕ್ಕಳು ಕಪ್ಪು ಪರದೆ ನೋಡುತ್ತ ಕೂತಿರುತ್ತಾರೆ. ಒಂದು ಫ್ಯಾನ್ 75 ವ್ಯಾಟ್, ಆ ಟಿವಿಯೂ ಅಷ್ಟೇ. ಆಫೀಸಿನ ಒಂದು ಫ್ಯಾನಿನ ಕರೆಂಟಿನಲ್ಲಿ ಐವತ್ತು ಮಕ್ಕಳ ಪಾಠ ನಡೆಯುತ್ತದೆ. ಇದನ್ನು ನಾನು ಹೋದಲ್ಲೆಲ್ಲ ಹೇಳುತ್ತೇನೆ, "ಮಾಡ್ಸೋಣ್ರಿ" ಎನ್ನುತ್ತಾರೆ, ಮುಂದಿನ ವರ್ಷ ಹೋದಾಗಲೂ ವೈರು ಅಲ್ಲೇ ಇರುತ್ತದೆ. ದಯವಿಟ್ಟು ಈ ಸಲ ಮಾಡಿಸಿ. ಇನ್‌ವರ್ಟರಿನಿಂದ ಆ ಕೋಣೆಗೆ ಪ್ರತ್ಯೇಕ ಲೈನ್ ಎಳೆಸಿ, ಎರಡು ಪ್ಲಗ್ ಪಾಯಿಂಟ್ ಹಾಕಿಸಿ. ಒಂದು ಟಿವಿಗೆ, ಇನ್ನೊಂದು ಟ್ಯಾಬ್ ಚಾರ್ಜಿಗೆ. ಬರುವ ಎಸ್‌ಡಿಎಂಸಿ ಸಭೆಯಲ್ಲಿ ಇದನ್ನು ಮೊದಲನೇ ವಿಷಯವಾಗಿ ಬರೆಸಿ. ಊರಿನ ಎಲೆಕ್ಟ್ರಿಷಿಯನ್‌ಗೆ ಇದು ಅರ್ಧ ದಿನದ ಕೆಲಸ.

ನಮಸ್ಕಾರ.